ಹನ್ನೆರಡು ಗುಳಿಯ ತಟ್ಟೆ

ಬನಶಂಕರಿ ಎರಡನೇ ಹಂತದ ಆ ಮನೆಯಲ್ಲಿ ಅಳಿಯ ನಡುಮನೆಗೆ ಬಂದರೆ ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಅತ್ತೆ ಹಿತ್ತಲಿಗೆ ಬಂದರೆ ಅಳಿಯ ಕಾಲು ತೊಳೆಯುವುದನ್ನು ಅರ್ಧಕ್ಕೇ ಬಿಟ್ಟು, ಒಂದು ಕಾಲು ಒದ್ದೆ ಒಂದು ಕಾಲು ಒಣ, ಮುಂಬಾಗಿಲಿಗೆ ನಡೆಯುತ್ತಿದ್ದ. ಹೊಸಬರು ಯಾರಾದರೂ ನೋಡಿದರೆ ಇಬ್ಬರಿಗೂ ಮಾತು ಬಿಟ್ಟಿದೆ ಎಂದುಕೊಳ್ಳಬೇಕು. ಬಿಡಬೇಕಾದರೆ ಮೊದಲು ಆಡಿರಬೇಕಲ್ಲ! ಸೀತಮ್ಮನವರು ಮಗಳ ಮನೆಗೆ ಬಂದು ಎರಡು ವರ್ಷವಾಗಿತ್ತು. ಅಳಿಯ ಅನಂತರಾಮುವಿನ ಮುಖ ನೋಡಿ ಅವರು ಒಂದು ಮಾತು ಆಡಿರಲಿಲ್ಲ, ಅವನೂ ಆಡಿರಲಿಲ್ಲ.

ಸೀತಮ್ಮನವರಿಗೆ ಅದು ತೀರ ಸಹಜ. ಅವರ ಕಾಲದಲ್ಲಿ ಹೆಣ್ಣು ಕೊಟ್ಟ ಅತ್ತೆ ಅಳಿಯನ ಎದುರು ಕೂರುತ್ತಿರಲಿಲ್ಲ, ಎದುರು ನಿಂತು ಮಾತಾಡುತ್ತಲೂ ಇರಲಿಲ್ಲ. ಅವರ ತಾಯಿಯಂತೂ ಅಳಿಯ ಊಟ ಮುಗಿಸಿ ಏಳುವವರೆಗೂ ಬಾಗಿಲ ಹಿಂದೆ ನಿಂತೇ ಇರುತ್ತಿದ್ದರು; ಪಲ್ಯ ಬೇಕೋ ಬೇಡವೋ ಎಂಬುದನ್ನು ಬಳೆಯ ಸದ್ದಿನಲ್ಲೇ ಕೇಳುತ್ತಿದ್ದರು. ಆದರೆ ಆ ತಾಯಿ ಅಳಿಯನ ಮನೆಯಲ್ಲಿ ಇರಲಿಲ್ಲ. ಹಬ್ಬಕ್ಕೆ ಬಂದ ಅಳಿಯ ಮೂರು ದಿನ ಇದ್ದು ಹೊರಟುಹೋಗುತ್ತಿದ್ದ. ಸೀತಮ್ಮನವರ ಪಾಡು ಬೇರೆ. ಗಂಡ ಹೋದ ಮೇಲೆ ಇಟ್ಟಮಡುವಿನಲ್ಲಿ ಅಣ್ಣನ ಮನೆಯಲ್ಲಿದ್ದರು. ಅಣ್ಣನೂ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಪಂಕಜಾ ಬಂದು, “ಇನ್ನು ನಮ್ಮನೇಲೇ ಇರು” ಎಂದು ಟ್ರಂಕು ಎತ್ತಿಸಿಕೊಂಡು ಕರೆತಂದಿದ್ದಳು. ಅಣ್ಣನ ಮಗ ಸೀನು ಒಳ್ಳೆಯವನೇ. “ಅತ್ತೆ, ಯಾವಾಗ ಬೇಕಾದ್ರೂ ವಾಪಸ್ ಬನ್ನಿ” ಎಂದು ಹೇಳಿಯೇ ಕಳಿಸಿದ್ದ. ಆ ಮಾತನ್ನು ಸೀತಮ್ಮ ಜೋಪಾನವಾಗಿ ಇಟ್ಟುಕೊಂಡಿದ್ದರು.

ಇಬ್ಬರ ನಡುವೆ ಪಂಕಜಾ ಇದ್ದಳು. “ಪಂಕಜಾ, ಕಾಫಿ ಆಗಿದೆ ಅಂತ ಹೇಳು” ಎಂದು ಅಡುಗೆಮನೆಯಿಂದ ಬರುವುದು. “ಪಂಕಜಾ, ಸಕ್ಕರೆ ಸ್ವಲ್ಪ ಕಮ್ಮಿ ಇರಲಿ ಅಂತ ಹೇಳು” ಎಂದು ನಡುಮನೆಯಿಂದ ಹೋಗುವುದು. ನಡುವೆ ಹತ್ತು ಹೆಜ್ಜೆ ದೂರವಿಲ್ಲ, ಬಾಗಿಲು ಕೂಡ ಇಲ್ಲ. ಪಂಕಜಾ ಜಯನಗರದ ಅಂಚೆ ಕಚೇರಿಯಲ್ಲಿ ಗುಮಾಸ್ತೆ. “ದಿನವೆಲ್ಲ ಅಲ್ಲಿ ಕಾಗದ ವಿಂಗಡಿಸ್ತೀನಿ, ಮನೆಗೆ ಬಂದ್ರೆ ಇಲ್ಲೂ ಅದೇ ಕೆಲಸ” ಎಂದು ನಗುತ್ತಿದ್ದಳು.

ಎಪ್ಪತ್ತೊಂಬತ್ತರ ಬೇಸಿಗೆಯವರೆಗೆ ಇದು ಸುಗಮವಾಗಿಯೇ ನಡೆಯಿತು. ಅನಂತರಾಮು ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಬೆಳಿಗ್ಗೆ ಆರೂವರೆಗೆ ಕಾರ್ಖಾನೆಯ ಬಸ್ಸು ಹತ್ತಿದರೆ ಬರುವುದು ಸಂಜೆ. ಆ ವರ್ಷ ಏಪ್ರಿಲಿನಲ್ಲಿ ಅವನು ಎರಡು ತಿಂಗಳು ರಜೆ ಹಾಕಿ ಮನೆಯಲ್ಲಿ ಉಳಿದ. ಕಾರಣ ಮಾವಿನಹಣ್ಣು.

ತಲಘಟ್ಟಪುರದ ಆಚೆ ತಿಮ್ಮರಾಯಪ್ಪ ಎಂಬುವರ ಬಾದಾಮಿ ಮಾವಿನ ತೋಟವಿತ್ತು. ಅವರು ಹಣ್ಣನ್ನು ಮರದ ಪೆಟ್ಟಿಗೆಗೆ ಹುಲ್ಲು ಹಾಕಿ ತುಂಬಿ ರೈಲಿನಲ್ಲಿ ದೆಹಲಿಗೆ ಕಳಿಸುತ್ತಿದ್ದರು. ದಾರಿಯುದ್ದಕ್ಕೂ ಹಣ್ಣು ಹಣ್ಣಿಗೆ ಬಡಿದು, ಅಲ್ಲಿ ಪೆಟ್ಟಿಗೆ ತೆರೆಯುವ ಹೊತ್ತಿಗೆ ಕಾಲುಭಾಗ ಕಪ್ಪಾಗಿರುತ್ತಿತ್ತು. ಅನಂತರಾಮು ಯಾವುದೋ ವಿದೇಶಿ ಪತ್ರಿಕೆಯಲ್ಲಿ ಸೇಬಿಗೆಂದು ಕಾಗದದ ಹಿಟ್ಟಿನಲ್ಲಿ ಟ್ರೇ ಮಾಡುವುದನ್ನು ನೋಡಿದ್ದ. ಹಣ್ಣಿಗೊಂದು ಗುಳಿ, ಒಂದಕ್ಕೊಂದು ತಾಗುವಂತಿಲ್ಲ. ಸೇಬಿಗಾದರೆ ಸರಿ, ಅದು ಗುಂಡಗಿದೆ. ಬಾದಾಮಿಗೆ ಒಂದು ಕಡೆ ಹೆಗಲು, ಇನ್ನೊಂದು ಕಡೆ ಮೂತಿ. ನೆಟ್ಟಗೆ ನಿಲ್ಲಿಸಿದರೆ ವಾಲುತ್ತದೆ, ಅಡ್ಡ ಮಲಗಿಸಿದರೆ ಉರುಳುತ್ತದೆ. ಅವನು ಕ್ಯಾಲಿಪರ್ ಹಿಡಿದು ಮುನ್ನೂರು ಹಣ್ಣು ಅಳೆದ. ಅಳೆದದ್ದನ್ನು ಮನೆಯವರು ತಿಂದು ಸಾಕಾಗಿ, ಬೀದಿಗೆಲ್ಲ ಹಂಚಿ, ಸೀಕರಣೆ ಎಂದರೆ ಪಂಕಜಾ ಕೈಮುಗಿಯುವಂತಾಯಿತು. ಕೊನೆಗೆ ನಕ್ಷೆ ಸಿದ್ಧವಾಯಿತು: ಹನ್ನೆರಡು ಗುಳಿ, ಪ್ರತಿಯೊಂದೂ ಸ್ವಲ್ಪ ಓರೆ, ಹಣ್ಣು ಮಗುವಿನಂತೆ ಕೆನ್ನೆ ಕೊಟ್ಟು ಮಲಗಬೇಕು.

ಸಾರಕ್ಕಿಯ ಬಡಗಿಯೊಬ್ಬ ಹಲಸಿನ ಮರದಲ್ಲಿ ನಾಲ್ಕು ಜೊತೆ ಅಚ್ಚು ಕೆತ್ತಿಕೊಟ್ಟ. ಕೆಳಗಿನ ಅಚ್ಚಿನಲ್ಲಿ ಗುಳಿಗಳು, ಮೇಲಿನದರಲ್ಲಿ ಅದಕ್ಕೆ ಸರಿಯಾಗಿ ಉಬ್ಬುಗಳು. ಹಳೇ ಪೇಪರಿನ ಹಿಟ್ಟಿಗೆ ಮೈದಾ ಅಂಟು ಕಲಸಿ, ಗುಳಿಗೆ ತುಂಬಿ, ಉಬ್ಬಿನಿಂದ ಒತ್ತಿ ಬಿಸಿಲಿಗಿಡುವುದು. ಟ್ರೇ ಗಟ್ಟಿ ನಿಂತರೆ ಕಾರ್ಖಾನೆ ಬಿಟ್ಟು ಸಾರಕ್ಕಿಯಲ್ಲಿ ಒಂದು ಶೆಡ್ ಹಾಕುವ ಆಸೆ ಅವನಿಗೆ. ನಿಲ್ಲದಿದ್ದರೆ ಜೂನ್ ಒಂದಕ್ಕೆ ಮತ್ತೆ ಆರೂವರೆಯ ಬಸ್ಸು.

ರಜೆ ಶುರುವಾದ ಮೇಲೆ ಹಗಲೆಲ್ಲ ಮನೆಯಲ್ಲಿ ಅತ್ತೆ ಅಳಿಯ ಇಬ್ಬರೇ. ಪಂಕಜಾ ಒಂಬತ್ತಕ್ಕೆ ಹೋದರೆ ಬರುವುದು ಆರಕ್ಕೆ. ಹಾಗೆಂದು ರೂಢಿ ಬಿಡಲಾದೀತೆ? ಹನ್ನೆರಡು ಗಂಟೆಗೆ ಸೀತಮ್ಮ ಬಡಿಸಿ ಮುಚ್ಚಿಟ್ಟು, ಒಲೆಯ ಕಡೆ ಮುಖ ಮಾಡಿ, “ಪಂಕಜಾ, ಊಟಕ್ಕೆ ಇಟ್ಟಿದೆ ಅಂತ ಹೇಳು” ಎನ್ನುತ್ತಿದ್ದರು. ಪಂಕಜಾ ಆಗ ಜಯನಗರದಲ್ಲಿ ಸ್ಟಾಂಪು ಹರಿಯುತ್ತಿರುತ್ತಿದ್ದಳು. ತಾರಸಿಯ ಮೆಟ್ಟಿಲಿನಿಂದ ಅನಂತರಾಮು, “ಬಂದೆ ಅಂತ ಹೇಳು ಪಂಕಜಾ” ಎನ್ನುತ್ತಿದ್ದ. ಇಬ್ಬರಿಗೂ ಇದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ.

ತೊಡಕಾದದ್ದು ತಾರಸಿಯಲ್ಲಿ. ಬೇಸಿಗೆಯ ತಾರಸಿ ಸೀತಮ್ಮನವರದು. ಅರಳುಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ, ಇವಕ್ಕೆಲ್ಲ ಅವರು ಮಂಡಿ ಹಿಡಿದುಕೊಂಡೇ ಹದಿನಾರು ಮೆಟ್ಟಿಲು ಹತ್ತುತ್ತಿದ್ದರು. ಈ ವರ್ಷ ಅರ್ಧ ತಾರಸಿಯಲ್ಲಿ ಟ್ರೇ, ಅರ್ಧ ತಾರಸಿಯಲ್ಲಿ ಸಂಡಿಗೆ. ಅವರ ತಲೆ ಮೆಟ್ಟಿಲ ಕೊನೆಯಲ್ಲಿ ಕಂಡದ್ದೇ ತಡ, ಅನಂತರಾಮು ಕೈಯಲ್ಲಿದ್ದ ಕೆಲಸ ಹಾಗೇ ಬಿಟ್ಟು, ಗೋಡೆಗೆ ಒತ್ತಿಕೊಂಡು, ಕೆಳಗಿಳಿದು ಹೋಗಿಬಿಡುತ್ತಿದ್ದ. ಅರ್ಧ ಒತ್ತಿದ ಅಚ್ಚು ಬಿಸಿಲಿಗೆ ಕಾದು ಹಿಟ್ಟು ಅಲ್ಲಲ್ಲೇ ಗಂಟುಕಟ್ಟುತ್ತಿತ್ತು. ಒಂದು ಸಲವಲ್ಲ, ಎರಡು ಸಲ ಹಾಗಾಯಿತು. ಎರಡನೇ ಸಲ ಅವನು ತಾರಸಿಯ ಅಂಚಿನಲ್ಲಿ ಕೂತು ಹಾಳಾದ ಹಿಟ್ಟನ್ನು ಹೆರೆದು ಬಕೆಟ್ಟಿಗೆ ಹಾಕುತ್ತಿದ್ದುದನ್ನು ಸೀತಮ್ಮ ಹಿತ್ತಲಿನಿಂದ ನೋಡಿದರು. ‘ನನ್ನ ನೆರಳು ಕಂಡರೆ ಇವರಿಗೆ ಆಗುವುದಿಲ್ಲ’ ಎಂದು ಅವರಿಗೆ ಖಚಿತವಾದದ್ದು ಆ ಹೊತ್ತಿನಲ್ಲಿ. ಎರಡು ವರ್ಷದಿಂದ ಅನುಮಾನವಿತ್ತು. ಈಗ ಕಣ್ಣಾರೆ ಕಂಡ ಹಾಗಾಯಿತು.

ಮೇ ತಿಂಗಳ ಮೂರನೇ ವಾರ, ಒಂದು ಸೋಮವಾರ, ತಿಮ್ಮರಾಯಪ್ಪ ಒಂದು ಬುಟ್ಟಿ ಹಣ್ಣಿನ ಜೊತೆ ಬಂದರು. ಸೀತಮ್ಮ ಒಳಗಿನಿಂದಲೇ ಮಾತು ಕೇಳಿಸಿಕೊಂಡರು.

“ಏನ್ ಸ್ವಾಮಿ ಇದು, ಒಳ್ಳೆ ಇಡ್ಲಿ ತಟ್ಟೆ ಇದ್ದಂಗದೆ!” ಎಂದು ನಕ್ಕು, ತಿಮ್ಮರಾಯಪ್ಪ ಟ್ರೇಯ ಗುಳಿಗಳಿಗೆ ಒಂದೊಂದೇ ಹಣ್ಣು ಇಟ್ಟರು. ಹನ್ನೆರಡೂ ಅಂದವಾಗಿ ಕೂತವು. “ಕೂತ್ಕೊಳ್ಳೋದೇನೋ ರಾಜರಂಗೆ ಕೂತ್ಕತವೆ” ಎಂದು ಎರಡೂ ಕೈಯಿಂದ ಟ್ರೇ ಎತ್ತಿದರು. ಲಟಕ್ಕೆಂದು ನಡುವೆ ಮುರಿದು, ಹಣ್ಣು ನೆಲದ ಮೇಲೆ ಉರುಳಿದವು. ಎರಡನೇ ಟ್ರೇಯೂ ಅಷ್ಟೆ.

“ಮುಂದಿನ ವಾರ ಬುಧವಾರ ಈ ವರ್ಷದ ಕಡೇ ಲೋಡು ಸ್ವಾಮಿ. ನಿಮ್ಮ ಸಲುವಾಗಿ ಐದು ಪೆಟ್ಗೆ ಹಂಗೇ ಬಿಟ್ಟಿರ್ತೀನಿ. ಪೆಟ್ಗೆಗೆ ನಾಲ್ಕರ ಲೆಕ್ಕದಲ್ಲಿ ಇಪ್ಪತ್ತು ತಟ್ಟೆ, ಗಟ್ಟಿಯಾದವು ಕೊಡಿ, ಹಾಕ್ತೀನಿ. ಇಲ್ದಿದ್ರೆ ಹುಲ್ಲೇ ಗತಿ. ಬೇಜಾರ್ ಮಾಡ್ಕಬೇಡಿ.”

ಅನಂತರಾಮು ಅವರನ್ನು ಗೇಟಿನವರೆಗೆ ಬಿಟ್ಟುಬಂದು, ಮುರಿದ ಚೂರು ಅಲ್ಲೇ ಬಿಟ್ಟು ತಾರಸಿ ಹತ್ತಿದ. ಸೀತಮ್ಮ ಮೆಲ್ಲಗೆ ಬಂದು ಒಂದು ಚೂರು ಎತ್ತಿಕೊಂಡರು. ಅಕ್ಕಿರೊಟ್ಟಿಯಷ್ಟು ದಪ್ಪ! ಮೇಲೆ ಸೀದುಹೋದಂತೆ ಒಣಗಿತ್ತು, ಒಳಗೆ ಇನ್ನೂ ಪಸೆ. ಗುಳಿ ಮತ್ತು ಗುಳಿಯ ನಡುವಿನ ದಿಂಡಿನಲ್ಲಿ ಉದ್ದಕ್ಕೂ ಬಿರುಕು. ಅವರಿಗೆ ನೋಡಿದ ಕೂಡಲೇ ತಿಳಿಯಿತು. ನಲವತ್ತು ವರ್ಷದಿಂದ ಅವರು ಬೇಸಿಗೆ ಬೇಸಿಗೆಗೆ ಹಳೇ ಕಾಗದ ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಮೊರಕ್ಕೆ ಮೆತ್ತಿದವರು. ಬೋರಲು ಹಾಕಿದ ಕೊಡದ ಮೇಲೆ ತಟ್ಟಿ ಕಾಗದದ ಬುಟ್ಟಿ ಮಾಡಿದವರು. ಇಟ್ಟಮಡುವಿನ ಮನೆಯಲ್ಲಿ ಅವರು ಮಾಡಿದ ಬುಟ್ಟಿಯಲ್ಲಿ ಇವತ್ತಿಗೂ ಸೀನು ಹುಣಸೆಹಣ್ಣು ತುಂಬಿಡುತ್ತಿದ್ದ.

ಸಂಜೆ ಪಂಕಜಾ ಬಂದ ಮೇಲೆ, “ಮೈದಾ ಬೇಡ, ಮೆಂತ್ಯ ಹಾಕೋಕೆ ಹೇಳೇ. ಅಷ್ಟು ದಪ್ಪ ಬೇಡ ಅನ್ನು. ಗುಳೀಲಿ ತುಂಬಬಾರದು, ಉಬ್ಬಿನ ಮೇಲೆ ತಟ್ಟಬೇಕು” ಎಂದರು.

ಪಂಕಜಾ ಅವತ್ತು ಸೋತು ಬಂದಿದ್ದಳು. “ಅಮ್ಮ, ಇದು ಮೊರಕ್ಕೆ ಮೆತ್ತೋ ಕೆಲಸ ಅಲ್ಲಮ್ಮ, ಇಂಜಿನಿಯರಿಂಗು. ಅವರೇ ತಲೆ ಕೆಡಿಸ್ಕೊಂಡು ಕೂತಿದಾರೆ. ಈಗ ಹೋಗಿ ಮೆಂತ್ಯ ಅಂದ್ರೆ ಚೆನ್ನಾಗಿರಲ್ಲ.”

ಎರಡು ವರ್ಷದಲ್ಲಿ ಅವಳು ತಲುಪಿಸಲಾರೆ ಎಂದ ಮೊದಲ ಮಾತು ಅದು. ಸೀತಮ್ಮನವರಿಗೆ ಚುರುಕ್ಕೆಂದಿತು. “ಸೀನುಗೆ ಒಂದು ಕಾರ್ಡು ಹಾಕು. ಭಾನುವಾರ ಬಂದು ಕರ್ಕೊಂಡು ಹೋಗ್ಲಿ. ಅಲ್ಲೇ ಇರ್ತೀನಿ ಇನ್ನು” ಎಂದರು. ಪಂಕಜಾ ಗಾಬರಿಯಾಗಿ ಯಾಕೆ, ಏನಾಯಿತು, ಯಾರು ಏನಂದರು ಎಂದು ಕೇಳಿದಳು. ಯಾರೂ ಏನೂ ಅಂದಿರಲಿಲ್ಲ. ಅದೇ ತಾನೇ ಕಷ್ಟ! “ಸೀನು ಮಕ್ಕಳನ್ನ ನೋಡ್ಬೇಕು ಅನ್ನಿಸ್ತಿದೆ” ಎಂದು ಸುಳ್ಳು ಹೇಳಿದರು. ಅವರಿಗೆ ಹೋಗಲು ಎಳ್ಳಷ್ಟೂ ಇಷ್ಟವಿರಲಿಲ್ಲ. ಮಗಳು ಸಂಜೆ ಚಪ್ಪಲಿ ಬಿಡುವ ಸದ್ದು ಕೇಳಿ ಕಾಫಿಗಿಡುವುದು ಬಿಟ್ಟರೆ ಬದುಕಿನಲ್ಲಿ ಅವರಿಗೆ ಬೇರೆ ಯಾವ ಸುಖವೂ ಬೇಕಿರಲಿಲ್ಲ. ಆದರೆ ಮನೆಯ ಯಜಮಾನನೇ ತನ್ನನ್ನು ಕಂಡು ಕೆಲಸ ಬಿಟ್ಟು ಓಡುವ ಮನೆಯಲ್ಲಿ ಎಷ್ಟು ದಿನ ಇರಲಾದೀತು?

ಮರುದಿನ ಅನಂತರಾಮು ಬೇರೆ ಅಂಟು ಹುಡುಕಿಕೊಂಡು ಸಿಟಿ ಮಾರ್ಕೆಟ್ಟಿನ ಕಡೆ ಹೋದ. ಮೊರಕ್ಕೆ ಮೆತ್ತಲು ಸೀತಮ್ಮ ನೆನೆಹಾಕಿದ್ದ ಕಾಗದ ಹಿತ್ತಲ ಬಕೆಟ್ಟಿನಲ್ಲಿತ್ತು. ಮೆಂತ್ಯವೂ ನೆನೆದಿತ್ತು. ಎರಡನ್ನೂ ಒರಳಿಗೆ ಹಾಕಿ ಬೆಣ್ಣೆಯಂತೆ ರುಬ್ಬಿ, ತಾರಸಿಗೆ ಒಯ್ದರು. ಉಬ್ಬಿನ ಅಚ್ಚನ್ನು ಮೇಲ್ಮುಖ ಮಾಡಿ, ಹಳೇ ಪಂಚೆಯ ತುಂಡು ಒದ್ದೆ ಮಾಡಿ ಹೊದಿಸಿ, ಅದರ ಮೇಲೆ ಹಿಟ್ಟನ್ನು ಅಂಗೈಯಿಂದ ತೆಳ್ಳಗೆ ತಟ್ಟಿದರು. ಸುತ್ತ ಅಂಚನ್ನು ಮೊರದ ಅಂಚಿನಂತೆ ಒಳಕ್ಕೆ ಮಡಿಸಿದರು. ಕೊನೆಗೆ ತಲೆಯಿಂದ ಹೇರ್‌ಪಿನ್ ತೆಗೆದು ಪ್ರತಿ ಉಬ್ಬಿನ ನೆತ್ತಿಗೆ ಒಂದೊಂದು ತೂತು ಚುಚ್ಚಿದರು. ಬಿಸಿಲು ನೆತ್ತಿಗೆ ಬಂದಾಗ ಕೈಯ ಹಿಂಭಾಗ ಇಟ್ಟು ನೋಡಿ, ಬಟ್ಟೆ ಸಮೇತ ಎತ್ತಿ, ನೀರಿನ ತೊಟ್ಟಿಯ ನೆರಳಿನಲ್ಲಿ ಸಂಡಿಗೆಯ ಪಂಚೆಯ ಹಿಂದೆ ಇಟ್ಟರು. ಯಾರಿಗೂ ತೋರಿಸುವ ಆಸೆ ಇರಲಿಲ್ಲ. ತಾನು ಹೋದ ಮೇಲೆ ಸಿಕ್ಕಿದರೆ ಸಿಗಲಿ ಎಂದುಕೊಂಡರು. ಆದರೂ ಮೆಟ್ಟಿಲಿಳಿಯುವಾಗ ಒಂದು ಸಲ ತಿರುಗಿ ನೋಡಿದರು. ಚೆನ್ನಾಗಿಯೇ ಬಂದಿತ್ತು.

ಅದು ಸಿಕ್ಕಿದ್ದು ಬುಧವಾರ ಬೆಳಿಗ್ಗೆಯೇ. ಸೀತಮ್ಮ ಹುಳಿಗೆ ಒಗ್ಗರಣೆ ಹಾಕುತ್ತಿದ್ದರು. ಮೇಲೆ ಹಣ್ಣು ಇಡುವ ಸದ್ದು, ಆಮೇಲೆ ಏನೂ ಸದ್ದಿಲ್ಲ, ಆಮೇಲೆ ಮೆಟ್ಟಿಲಿಳಿಯುವ ಸದ್ದು. ಅದು ನಡುವೆ ಎಲ್ಲೋ ನಿಂತಿತು.

“ಪಂಕಜಾ,” ಎಂದ ಅನಂತರಾಮು, “ಇದಕ್ಕೆ ಯಾವ ಅಂಟು ಹಾಕಿರೋದು ಅಂತ ಕೇಳು.”

ಪಂಕಜಾ ಆಫೀಸಿಗೆ ಹೋಗಿ ಒಂದು ಗಂಟೆಯಾಗಿತ್ತು. ಸೀತಮ್ಮ ಒಲೆಯ ಉರಿ ತಗ್ಗಿಸಿ, “ಅಂಟಲ್ಲ, ಮೆಂತ್ಯ ಅಂತ ಹೇಳು ಪಂಕಜಾ” ಎಂದರು.

“ಎಷ್ಟು ಅಂತ ಕೇಳು.”

“ಒಂದು ಬಕೆಟ್ ಕಾಗದಕ್ಕೆ ಒಂದು ಪಾವು. ನೆನೆಸಿ ನುಣ್ಣಗೆ ರುಬ್ಬಿ, ಉಬ್ಬಿಗೆ ಒದ್ದೆ ಬಟ್ಟೆ ಹೊದಿಸಿ ಅದರ ಮೇಲೆ ತಟ್ಟಬೇಕು ಅಂತ ಹೇಳು.”

“ನಾನು ಇದರ ಮೂರರಷ್ಟು ದಪ್ಪ ಮಾಡಿದ್ರೂ ಮುರೀತು. ಇದು ಇಷ್ಟು ತೆಳ್ಳಗಿದ್ದು ಹೇಗೆ ತಡೀತು ಅಂತ ಕೇಳು ಪಂಕಜಾ. ಹನ್ನೆರಡು ಹಣ್ಣಿಟ್ಟು ಎತ್ತಿದೆ, ಬಾಗಲೂ ಇಲ್ಲ.”

“ದಪ್ಪ ಆದ್ರೆ ಮೇಲೆ ಒಣಗುತ್ತೆ, ಒಳಗೆ ಒಣಗಲ್ಲ. ಒಂದನ್ನೊಂದು ಎಳೆದು ಬಿರಿಯುತ್ತೆ. ಗಟ್ಟಿ ಬರೋದು ಅಂಚಿನಿಂದ. ಮೊರ ನೋಡಿದಾರಲ್ಲ, ಹಾಗೆ ಮಡಿಸ್ಬೇಕು ಅಂತ ಹೇಳು.”

ಪೆನ್ಸಿಲ್ಲಿನ ಸದ್ದು ಕೇಳಿಸಿತು. ಬರೆದುಕೊಳ್ಳುತ್ತಿದ್ದ.

“ಈ ತೂತು ಯಾಕೆ ಅಂತ...”

“ಹಣ್ಣು ಬೆವರುತ್ತೆ. ಇಡ್ಲಿ ತಟ್ಟೆಗೆ ತೂತು ಯಾಕಿರುತ್ತೆ ಅಂತ ಕೇಳು ಪಂಕಜಾ!”

ಮೆಟ್ಟಿಲಿನಿಂದ ಸಣ್ಣದೊಂದು ನಗು ಬಂತು. ಸೀತಮ್ಮನವರಿಗೂ ನಗು ಬಂದು, ಸೆರಗು ಬಾಯಿಗೆ ಹಿಡಿದುಕೊಂಡರು. ಎರಡು ವರ್ಷದಲ್ಲಿ ಆ ಮನುಷ್ಯ ನಕ್ಕದ್ದನ್ನು ಅವರು ಅಷ್ಟು ಹತ್ತಿರದಿಂದ ಕೇಳಿರಲಿಲ್ಲ.

“ಅಚ್ಚಿನಿಂದ ತೆಗೆಯೋದು ಯಾವಾಗ ಅಂತ ಕೇಳು.”

“ಅರ್ಧ ಒಣಗಿದಾಗ. ಪೂರ್ತಿ ಒಣಗೋಕೆ ಬಿಟ್ರೆ ಅಚ್ಚಿಗೆ ಬಿಗಿದುಕೊಂಡು ಸೀಳುತ್ತೆ.”

“ಅರ್ಧ ಅಂದ್ರೆ ಎಷ್ಟು ಗಂಟೆ?”

ಸೀತಮ್ಮ ಹುಳಿಗೆ ಸೌಟು ಆಡಿಸುತ್ತ, “ಗಂಟೆ ಲೆಕ್ಕ ಇಲ್ಲ” ಎಂದರು. “ಕೈ ಹಿಂಭಾಗ ಇಟ್ರೆ ತಣ್ಣಗಿರಬೇಕು, ಒದ್ದೆ ಇರಬಾರದು ಅಂತ ಹೇಳು.”

ಪಾಪ, ಅದನ್ನೂ ಅವನು ನಕ್ಷೆಯ ಅಂಚಿನಲ್ಲಿ ಬರೆದುಕೊಂಡ. ಆದರೆ ತಣ್ಣಗಿರುವುದಕ್ಕೂ ಒದ್ದೆಯಿರುವುದಕ್ಕೂ ನಡುವಿನದು ಪೆನ್ಸಿಲ್ಲಿಗೆ ಸಿಗುವ ಅಳತೆಯಲ್ಲ. ಅವತ್ತು ನಾಲ್ಕು ಅಚ್ಚಿಗೂ ತೆಳ್ಳಗೆ ತಟ್ಟಿ, ಬೇಗ ತೆಗೆದ. ಮೆತ್ತಗಿದ್ದ ಟ್ರೇ ಹರಿದು ಕೈಗೆ ಬಂತು. ಮರುದಿನ ತಡವಾಗಿ ತೆಗೆದ. ಉಬ್ಬಿನ ಮೇಲೇ ಸೀಳಿತು. ಶನಿವಾರ ಸಂಜೆಯ ಹೊತ್ತಿಗೆ, ಅದೃಷ್ಟಕ್ಕೆ ಸಿಕ್ಕಿದ ಮೂರು ಮತ್ತು ಸೀತಮ್ಮ ಮಾಡಿದ್ದು ಒಂದು, ಒಟ್ಟು ನಾಲ್ಕು ಟ್ರೇ ಇದ್ದವು. ಬೇಕಾದದ್ದು ಇಪ್ಪತ್ತು. ಕೆಳಗೆ ಕೂತು ಸೀತಮ್ಮ ಅವನು ಹಾಳಾದದ್ದನ್ನು ಹೆರೆಯುವ ಸದ್ದನ್ನು ಎಣಿಸುತ್ತಿದ್ದರು. ಒಂದು ಸಲ ಹೋಗಿ ಕೈಯಿಟ್ಟು ತೋರಿಸಿದರೆ ಮುಗಿಯುತ್ತಿತ್ತು. ಎರಡು ಸಲ ನಾಲ್ಕನೇ ಮೆಟ್ಟಿಲವರೆಗೂ ಹೋದರು. ಎರಡು ಸಲವೂ ಮೇಲೆ ಅವನು ಗಡಬಡಿಸಿ ಏಳುವ ಸದ್ದು ಕೇಳಿ, ಅಪಮಾನವಾದಂತಾಗಿ ಹಿಂದಿರುಗಿದರು.

ಭಾನುವಾರ ಹತ್ತು ಗಂಟೆಗೆ ಸೀನು ಆಟೋದಲ್ಲಿ ಬಂದ. ಟ್ರಂಕು ನಡುಮನೆಯಲ್ಲಿ ಸಿದ್ಧವಾಗಿತ್ತು. ಪಂಕಜಾಳ ಮೂಗು ಕೆಂಪಾಗಿತ್ತು. ಸೀತಮ್ಮ ದೇವರಿಗೆ ಕೈಮುಗಿದು ಹೊರಬರುವಷ್ಟರಲ್ಲಿ ಅನಂತರಾಮು ಮೇಲಿನಿಂದ ಇಳಿದು ಬಂದು ಟ್ರಂಕಿನ ಪಕ್ಕದಲ್ಲಿ ನಿಂತಿದ್ದ. ಮೊಣಕೈವರೆಗೆ ಕಾಗದದ ಹಿಟ್ಟು. ಅವರು ರೂಢಿಯಂತೆ ಗೋಡೆಯ ಕಡೆ ಸರಿದರು.

“ಪಂಕಜಾ, ಒಂದು ಹತ್ತು ನಿಮಿಷ ತಡವಾದ್ರೆ ಪರವಾಗಿಲ್ಲವಾ ಅಂತ ಕೇಳು” ಎಂದ ಅನಂತರಾಮು.

“ಯಾಕೆ ಅಂತ ಕೇಳು ಪಂಕಜಾ” ಎಂದರು ಸೀತಮ್ಮ.

ಪಂಕಜಾ ಇಬ್ಬರನ್ನೂ ಒಂದು ಸಲ ನೋಡಿದಳು. “ನಾನಿನ್ನು ಯಾರಿಗೂ ಏನೂ ಹೇಳಲ್ಲ, ಏನೂ ಕೇಳಲ್ಲ” ಎಂದಳು. “ಎರಡು ವರ್ಷ ಆಯ್ತು, ಸಾಕಾಗಿದೆ ನಂಗೆ. ಇಬ್ರೂ ಇಲ್ಲೇ ನಿಂತಿದೀರಲ್ಲ! ಸೀನು, ಬಾರೋ, ನಿಂಗೆ ಕಾಫಿ ಕೊಡ್ತೀನಿ.” ಸೀನುವನ್ನು ಕರೆದುಕೊಂಡು ಒಳಗೆ ಹೋಗಿಯೇಬಿಟ್ಟಳು.

ನಡುಮನೆಯಲ್ಲಿ ಇಬ್ಬರೇ ಉಳಿದರು. ಓಡಿಹೋಗಲು ಅಡುಗೆಮನೆಯೂ ಇರಲಿಲ್ಲ, ಅಲ್ಲಿ ಸೀನು ಇದ್ದ. ಅನಂತರಾಮು ಟ್ರಂಕಿನ ಬೀಗ ನೋಡುತ್ತ, ಮೊಣಕೈಯ ಹಿಟ್ಟು ಒರೆಸಿಕೊಂಡ.

“ಅತ್ತೆ,” ಎಂದ. “ಬೆಳಿಗ್ಗೆ ಆರಕ್ಕೆ ನಾಲ್ಕು ಅಚ್ಚಿಗೂ ತಟ್ಟಿಟ್ಟಿದೀನಿ. ತೆಗೆಯೋ ಹೊತ್ತು ನನಗೆ ಗೊತ್ತಾಗ್ತಿಲ್ಲ. ಒಂದ್ಸಲ ನಿಮ್ಮ ಕೈ ಇಟ್ಟು ನೋಡಿ ಹೋಗಿ.”

ಸೀತಮ್ಮ ಗೋಡೆ ಹಿಡಿದು ಹದಿನಾರು ಮೆಟ್ಟಿಲು ಹತ್ತಿದರು. ಅವನು ನಾಲ್ಕು ಮೆಟ್ಟಿಲು ಹಿಂದೆ ಬಂದ. ತಾರಸಿಯಲ್ಲಿ ಅಚ್ಚುಗಳನ್ನು ತೋರಿಸಿ, “ಇವೇ” ಎಂದು, ತಿರುಗಿ ಮೆಟ್ಟಿಲಿಳಿಯಲು ಹೊರಟ.

ಅದನ್ನು ನೋಡಿ ಸೀತಮ್ಮನವರಿಗೆ ಎಲ್ಲಿತ್ತೋ ಸಿಟ್ಟು. ಎರಡು ವರ್ಷದ್ದು ಒಟ್ಟಿಗೆ ಬಂತು.

“ನಾನು ಬಂದ್ರೆ ನೀವು ಯಾಕೆ ಇಳಿದು ಹೋಗ್ತೀರಿ?” ಎಂದುಬಿಟ್ಟರು. “ಅಷ್ಟು ಆಗದವಳಾ ನಾನು? ಅದಕ್ಕೇ ಹೋಗ್ತಿದೀನಲ್ಲ, ಇವತ್ತೊಂದು ದಿನ ನಿಲ್ಲೋಕಾಗಲ್ವಾ ನಿಮ್ಮ ಕೈಲಿ?”

ಅನಂತರಾಮು ಮೆಟ್ಟಿಲ ಮೇಲೆ ಒಂದು ಕಾಲು, ತಾರಸಿಯ ಮೇಲೆ ಒಂದು ಕಾಲು ಇಟ್ಟು ನಿಂತುಬಿಟ್ಟ.

“ಅಯ್ಯೋ ಅತ್ತೆ! ನಾನಿದ್ರೆ ನೀವು ಕೂರಲ್ಲವಲ್ಲ.”

“ಏನಂದ್ರಿ?”

“ಅಳಿಯ ಇದ್ದ ಕಡೆ ಅಮ್ಮ ಕೂರಲ್ಲ, ನಿಂತೇ ಇರ್ತಾಳೆ ಅಂತ ಪಂಕಜಾ ಮೊದಲ ದಿನವೇ ಹೇಳಿದ್ಳು. ಮಂಡಿ ನೋವು ಬೇರೆ ಅಂದ್ಳು. ನಾನು ಎದ್ದು ಹೋದ್ರೆ ನೀವು ಒಂದು ಗಳಿಗೆ ಕೂತ್ಕೋತೀರಿ ಅಂತ...” ಅವನು ಇನ್ನೊಂದು ಕಾಲನ್ನೂ ತಾರಸಿಗೆ ಎತ್ತಿಟ್ಟ. “ಅಷ್ಟೇ ಅತ್ತೆ. ಇನ್ನೇನಿಲ್ಲ.”

ಸೀತಮ್ಮನವರ ಕಣ್ಣ ಮುಂದೆ ಎರಡು ವರ್ಷದ ಮನೆಯೆಲ್ಲ ಬಂತು. ಓದುತ್ತಿದ್ದ ಪೇಪರು ಬಿಟ್ಟು ಎದ್ದದ್ದು, ಅರ್ಧ ತೊಳೆದ ಕಾಲಿನಲ್ಲಿ ನಡೆದದ್ದು, ಬಿಸಿಲಿಗೆ ಹಾಳಾದ ಎರಡು ಸಲದ ಹಿಟ್ಟು. ಇಷ್ಟೂ ತನ್ನ ಮಂಡಿಗಾಗಿ! ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ, ಮರೆಸಲೂ ಇಲ್ಲ.

ಅನಂತರಾಮು ಮೂಲೆಯಲ್ಲಿದ್ದ ಖಾಲಿ ಮಾವಿನ ಪೆಟ್ಟಿಗೆ ಎಳೆದು ತಂದು, ಬೋರಲು ಹಾಕಿ, ಹೆಗಲ ಮೇಲಿನ ಟವೆಲಿನಿಂದ ಧೂಳು ಹೊಡೆದ. “ಕೂತ್ಕೊಳ್ಳಿ ಅತ್ತೆ.”

ಕೂರುವುದು ಅಷ್ಟು ಸುಲಭವಾಗಲಿಲ್ಲ. ಅರವತ್ತೆಂಟು ವರ್ಷದ ಮೈ ಅದು, ಅಳಿಯನ ಎದುರು ಬಗ್ಗಲು ಒಪ್ಪುತ್ತಿರಲಿಲ್ಲ. ಒಂದು ಕೈ ಮಂಡಿಯ ಮೇಲೆ, ಒಂದು ಕೈ ತೊಟ್ಟಿಯ ಗೋಡೆಯ ಮೇಲೆ ಇಟ್ಟು, ಮೆಲ್ಲಗೆ, ಸೀತಮ್ಮ ಕೂತರು. ಅನಂತರಾಮು ಹೋಗಲಿಲ್ಲ. ಅಚ್ಚಿನ ಆ ಬದಿಯಲ್ಲಿ ಅವನೂ ನೆಲದ ಮೇಲೆ ಕೂತ.

ಸೀತಮ್ಮ ಕೈಯ ಹಿಂಭಾಗವನ್ನು ಟ್ರೇಯ ಮೇಲಿಟ್ಟರು. “ಇನ್ನೂ ಇಲ್ಲ. ನೀವೂ ಇಟ್ಟು ನೋಡಿ. ಬೆರಳಲ್ಲ, ಹಿಂಭಾಗ.” ಅವನು ಇಟ್ಟ. “ಅಂಟಿದ ಹಾಗಾಗುತ್ತಲ್ಲ, ಅದು ಒದ್ದೆ. ಅದು ಹೋಗ್ಬೇಕು.” ಇಬ್ಬರೂ ಕಾದರು. ಬಿಸಿಲು ಏರುತ್ತಿತ್ತು, ಪಕ್ಕದಲ್ಲಿ ಸಂಡಿಗೆ ಒಣಗುತ್ತಿತ್ತು, ಕೆಳಗೆ ಸೀನು ಎರಡನೇ ಲೋಟ ಕಾಫಿ ಕುಡಿಯುತ್ತಿದ್ದ. ಮತ್ತೆ ಕೈಯಿಟ್ಟು, “ಈಗ” ಎಂದರು. ಅವನೂ ಕೈಯಿಟ್ಟ. ಇಟ್ಟವನು ತಲೆ ಎತ್ತಿ ಅವರ ಮುಖ ನೋಡಿದ. “ಗೊತ್ತಾಯ್ತು ಅತ್ತೆ” ಎಂದ. ಬಟ್ಟೆಯ ತುದಿ ಹಿಡಿದು ಎತ್ತಿದಾಗ ಟ್ರೇ ಹನ್ನೆರಡು ಗುಳಿಯೂ ಸಮೇತ, ಎಲ್ಲೂ ಒಂದು ಗೀರಿಲ್ಲದೆ, ಬಿಟ್ಟುಕೊಂಡಿತು.

ಸೀನು ಆಟೋದವನನ್ನು ಕಳಿಸಿ, ಊಟ ಮಾಡಿಕೊಂಡು ಬಸ್ಸಿನಲ್ಲಿ ಹೋದ. ಭಾನುವಾರ ಎಂಟು, ಸೋಮವಾರ ಎಂಟು ಟ್ರೇ ಬಂದವು. ಮಂಗಳವಾರ ಎಲ್ಲ ಚೆನ್ನಾಗಿ ಒಣಗಿದವು. ಬುಧವಾರ ಐದು ಪೆಟ್ಟಿಗೆ ಹುಲ್ಲಿಲ್ಲದೆ ದೆಹಲಿಯ ರೈಲು ಹತ್ತಿತು. ಟ್ರಂಕು ಮಂಚದ ಕೆಳಗೆ ಹೋಯಿತು.

ಉತ್ತರ ಬರುವುದರೊಳಗೆ ರಜೆ ಮುಗಿದು, ಅನಂತರಾಮು ಮತ್ತೆ ಆರೂವರೆಯ ಬಸ್ಸು ಹಿಡಿದಿದ್ದ. ಜೂನ್ ನಡುವಿನ ಒಂದು ಸಂಜೆ ತಿಮ್ಮರಾಯಪ್ಪ ದೆಹಲಿಯ ಕಾಗದ ಹಿಡಿದು ಬಂದು ನಡುಮನೆಯಲ್ಲಿ ಕೂತಿದ್ದರು. ಐದು ಪೆಟ್ಟಿಗೆಯಲ್ಲಿ ಕೆಟ್ಟ ಹಣ್ಣು ಬರೀ ಏಳಂತೆ. ಮುಂದಿನ ವರ್ಷ ಅಷ್ಟೂ ಹಣ್ಣನ್ನು ಇದರಲ್ಲೇ ಕಳಿಸಬೇಕಂತೆ. “ಪೆಟ್ಗೆ ಬಿಚ್ಚಿದ್ರೆ ಒಂದು ಗಳಿಗೆ ಮೆಂತ್ಯದ ವಾಸ್ನೆ ಬತ್ತದಂತೆ, ಆಮೇಲೆ ಬರೀ ಮಾವೇ ಅಂತೆ” ಎಂದು ಅವರು ಸೀತಮ್ಮನವರಿಗೆ ಹೇಳುತ್ತಿದ್ದರು. ಸೀತಮ್ಮ ಬೆತ್ತದ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಮೆಂತ್ಯ ಆರಿಸುತ್ತಿದ್ದರು.

ಗೇಟಿನ ಸದ್ದಾಯಿತು. ಅನಂತರಾಮು ಒಳಗೆ ಬಂದ. ತಿಮ್ಮರಾಯಪ್ಪ ಮರ್ಯಾದೆಗೆ ಎದ್ದು ನಿಂತರು. ಸೀತಮ್ಮ ಏಳಲಿಲ್ಲ.

“ಬಂದ್ರಾ?” ಎಂದರು ಅವನ ಮುಖ ನೋಡಿ. “ಹಿತ್ತಲಿಗೆ ಹೋಗಿ ಎರಡೂ ಕಾಲು ತೊಳ್ಕೊಂಡು ಬನ್ನಿ. ದೆಹಲಿಯಿಂದ ಕಾಗದ ಬಂದಿದೆ.”